ಸದ್ದಿಗೆ ಬಂದದ್ದು

ಅಕ್ಕಿ ಆರಿಸುವವರು ಒಂದೊಂದೇ ಕಲ್ಲನ್ನು ಸ್ಟೀಲ್ ತಟ್ಟೆಗೆ ಹಾಕಿದರೆ ಎಷ್ಟು ಸದ್ದಾಗುತ್ತದೋ ಅಷ್ಟೇ ಸದ್ದು. ವೆಂಕಟಲಕ್ಷ್ಮಿಗೆ ಎಚ್ಚರವಾಗಲು ಅಷ್ಟು ಸಾಕಾಯಿತು. ಪಕ್ಕದ ಹಾಸಿಗೆ ಖಾಲಿಯಿತ್ತು. ಎದ್ದು ಬಾಗಿಲವರೆಗೆ ಬಂದಳು. ನಡುಮನೆಯಲ್ಲಿ ದೀಪ ಹಾಕದೆ, ಬೀದಿಯ ಬೆಳಕು ಬೀಳುವ ಕಿಟಕಿಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡು ಗಂಡ ಬೋರಲಿಂಗಯ್ಯ ಕೂತಿದ್ದ. ಕೈಯಲ್ಲಿದ್ದ ಮರದ ಕಪ್ಪೆಯನ್ನು ಎಡಗಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಆಮೇಲೆ ಬಲಗಿವಿಯ ಹತ್ತಿರ. ಮತ್ತೆ ಎಡಕ್ಕೆ. ಬಲಗಿವಿಯ ಹತ್ತಿರ ಹಿಡಿದಾಗ ಇನ್ನೂ ಜೋರಾಗಿ ಅಲ್ಲಾಡಿಸುತ್ತಿದ್ದ. ಅವಳು ಅದನ್ನು ಮೂರು ಸಲ ನೋಡಿ, ಬಂದ ಹಾಗೆಯೇ ಹಿಂದಿರುಗಿ ಮಲಗಿದಳು. ಅವನ ಬಲಗಿವಿ ಮಂದವಾಗಿರುವುದು ಅವಳಿಗೆ ಎರಡು ವರ್ಷದಿಂದ ಗೊತ್ತಿತ್ತು. ಅವನಿಗೂ ಗೊತ್ತಿದೆ ಎನ್ನುವುದು ಈಗ ಗೊತ್ತಾಯಿತು. ಇಂಥದ್ದು ತಿಳಿದಾಗ ಏನಾದರೂ ಅನ್ನಿಸಬೇಕಿತ್ತು. ಕಾದು ನೋಡಿದಳು. ಏನೂ ಅನ್ನಿಸಲಿಲ್ಲ. ಅವನು ಬಂದು ಮಲಗುವಾಗ ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವರ ಹಾಗೆ ಉಸಿರಾಡಿದಳು.

ಮೀನಿಗೆ ಗಾಳವಾಗಿ ಹಾಕುವ ಆ ಮರದ ಕಪ್ಪೆಗಳನ್ನು ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಗಫಾರ್ ಮಾಡಿಕೊಟ್ಟಿದ್ದ. ಹಾಲೆ ಮರದ ತುಂಡನ್ನು ಹೆಬ್ಬೆರಳಿನಷ್ಟು ಕಡೆದು, ಹೊಟ್ಟೆ ಕೊರೆದು, ಒಳಗೆ ಸೈಕಲ್ ಬೇರಿಂಗಿನ ಬಾಲ್ಸುಗಳನ್ನು ತುಂಬಿ, ಬಾಯಿಗೆ ಬಿರಟೆ ಜಡಿದು, ಮೇಲೆ ಹಸಿರು ಅರಗು. ಹೊಟ್ಟೆಯ ಕೆಳಗೆ ಮೂರು ಮೊನೆಯ ಗಾಳ. ಮೊದಲನೆಯದಕ್ಕೆ ಎರಡು ಬಾಲ್ಸು ಹಾಕಿಸಿದ್ದ ಬೋರಲಿಂಗಯ್ಯ, ಎರಡನೆಯದಕ್ಕೆ ಐದು ಎಂದ. ಅವತ್ತು ಅವಳೂ ಜೊತೆಗಿದ್ದಳು. ಗಫಾರ್ ಕಪ್ಪೆಯನ್ನು ಒಮ್ಮೆ ಅಲ್ಲಾಡಿಸಿ, "ಸಾರ್, ಮಕ್ಕಳಾಟದ ಗಿಲಕಿಗೂ ನಾನು ಇಷ್ಟು ಹಾಕಲ್ಲ. ಮಗು ಹೆದ್ರಿಕೊಂಡ್‌ಬಿಡ್ತದೆ," ಎಂದಿದ್ದ. "ಮೀನಿಗೇನು ಹೆದರಿಕೆ, ಹಾಕಯ್ಯ," ಎಂದ ಇವನು. ಗಫಾರ್ ಅವಳ ಕಡೆ ನೋಡಿದ. ಆ ನೋಟದಲ್ಲಿ ಸಾಹೇಬರ ಕಿವಿ ಹೇಗಿದೆ ಎಂಬ ಪ್ರಶ್ನೆ ಇದ್ದಿರಬಹುದು, ಇಲ್ಲದೆಯೂ ಇರಬಹುದು. ಅವಳು ಲೇತಿನ ಪಕ್ಕದಲ್ಲಿ ಸುರುಳಿ ಸುರುಳಿಯಾಗಿ ಬಿದ್ದಿದ್ದ ಮರದ ಹೊಟ್ಟನ್ನು ನೋಡುತ್ತ ನಿಂತಳು.

ಸದ್ದು ಮಾಡಬೇಕೋ ಬೇಡವೋ ಎನ್ನುವ ವಾದ ಗಂಡನಿಗೂ ಅವನ ಕಚೇರಿಯ ಗೆಳೆಯ ಕೆಂಪಯ್ಯನಿಗೂ ಮಧ್ಯೆ ಬೇಸಿಗೆಯಿಂದ ನಡೆದಿತ್ತು. ಕೊರವ ಮೀನು ಹಿಡಿಯುವುದಕ್ಕೆ ಭಾನುವಾರಗಳಂದು ಕೆರೆ ಕೆರೆ ಸುತ್ತುವ ಐದಾರು ಜನ ಆ ಕಚೇರಿಯಲ್ಲಿದ್ದರು. ಕೆಂಪಯ್ಯ ಹಳೆಯ ಕಾಲದವನು. ಸದ್ದಿಲ್ಲದ ಕಪ್ಪೆಯನ್ನು ಜೊಂಡಿನ ಮೇಲೆ ಮೆಲ್ಲಗೆ ಇಳಿಬಿಟ್ಟು, ಬೀಡಿ ಸೇದುತ್ತ ಕಾಯುವವನು. ಸದ್ದು ಕೇಳಿದರೆ ಮೀನು ತಳ ಹಿಡಿಯುತ್ತದೆ ಎನ್ನುವುದು ಅವನ ಮಾತು. ಇಲ್ಲ, ಕಲಕಿದ ನೀರಿನಲ್ಲಿ ಮೀನಿಗೆ ಕಣ್ಣು ಕಾಣುವುದಿಲ್ಲ, ಸದ್ದೇ ಅದಕ್ಕೆ ದಾರಿ ಎಂದು ಬೋರಲಿಂಗಯ್ಯ. ಮಾತು ನಿಲ್ಲದೆ ಕೊನೆಗೆ ಇಬ್ಬರೂ ಅವಳನ್ನು ಕೇಳಿದ್ದರು. "ನೀನು ಪ್ರಾಣಿಶಾಸ್ತ್ರದ ಮೇಡಮ್ಮು. ಮೀನಿಗೆ ಕಿವಿ ಐತೋ ಇಲ್ವೋ ಹೇಳ್ಬುಡು," ಎಂದಿದ್ದ ಗಂಡ. ಹೊರಗೆ ಕಾಣುವ ಕಿವಿ ಇಲ್ಲ, ಒಳಗಿವಿ ಇದೆ, ಮೈಯ ಎರಡು ಪಕ್ಕಕ್ಕೂ ಒಂದು ಗೆರೆಯಿದೆ, ನೀರಿನ ಕಂಪನವನ್ನು ಅದು ಗ್ರಹಿಸುತ್ತದೆ ಎಂದು ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದ್ದಳು. "ಅಂದ್ರೆ ಸದ್ದಿಗೆ ಬತ್ತದೋ, ಓಡೋಯ್ತದೋ?" ಎಂದು ಕೆಂಪಯ್ಯ. ಅದು ಮೀನಿನ ಆಗಿನ ಸ್ಥಿತಿಯನ್ನು ಅವಲಂಬಿಸಿದೆ ಎಂದಿದ್ದಳು. ಇಬ್ಬರೂ ನಕ್ಕರು. "ಇವ್ರು ಯಾವತ್ತೂ ತಪ್ಪು ಹೇಳಾಕಿಲ್ಲ ಕಣ್ಲಾ," ಎಂದ ಕೆಂಪಯ್ಯ, "ಯಾಕಂದ್ರೆ ಪೂರ್ತಿ ಹೇಳಾಕಿಲ್ಲ." ಅದು ತಮಾಷೆ. ಅವಳೂ ನಕ್ಕಿದ್ದಳು. ಒಳಗೆ ಹೋಗಿ ಹಾಲು ಕಾಯಿಸುವಾಗ ಮಾತ್ರ ಆ ಮಾತು ಪಾತ್ರೆಯ ತಳದಲ್ಲಿ ಹಿಡಿದುಕೊಂಡಂತಿತ್ತು.

ಅದು ನಿಜವೂ ಅಲ್ಲ. ಒಂದು ಸಲ ಅವಳು ಪೂರ್ತಿ ಹೇಳಿದ್ದಳು. ಮೂರು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ಕಡೆಯ ವರ್ಷದ ಬಿ.ಎಸ್ಸಿ. ಎರಡನೆಯ ಪತ್ರಿಕೆ. ಪರೀಕ್ಷೆಯ ಕೊಠಡಿಯ ಹಿಂಬದಿಯಲ್ಲಿ ನಿಂತಿದ್ದಳು. ಫ್ಯಾನು ತಿರುಗುತ್ತಿತ್ತು, ನಲವತ್ತು ಪೆನ್ನುಗಳು ಓಡುತ್ತಿದ್ದವು. ಅವೆಲ್ಲದರ ಕೆಳಗೆ ನಾಲ್ಕು ಮಡಿಕೆಯ ಕಾಗದವೊಂದು ಬಿಚ್ಚಿಕೊಳ್ಳುವ ಸದ್ದು ಅವಳಿಗೆ ಕೇಳಿಸಿತು. ಬೇರೆ ಯಾರಿಗೂ ಕೇಳಿಸುವಂಥದ್ದಲ್ಲ. ಹೋಗಿ ಆ ಹುಡುಗಿಯ ಬೆಂಚಿನ ಪಕ್ಕದಲ್ಲಿ ಸುಮ್ಮನೆ ನಿಂತಿದ್ದರೆ ಸಾಕಿತ್ತು; ಕಾಗದ ಬಂದ ಕಡೆಗೇ ಹೋಗುತ್ತಿತ್ತು. ನಿಲ್ಲೋಣ ಎಂದು ಅವಳು ಹೆಜ್ಜೆ ಎತ್ತುವಷ್ಟರಲ್ಲಿ ತಪಾಸಣೆಯವರು ಬಾಗಿಲಿಗೆ ಬಂದರು. ಅವರಲ್ಲಿ ಹಿರಿಯರೊಬ್ಬರು ಒಳಕ್ಕೂ ಬಾರದೆ, ಚಪ್ಪಲಿಯನ್ನು ಹೊಸಿಲಿಗೆ ಒರೆಸುತ್ತ, ಮರ್ಯಾದೆಗೆ ಕೇಳುವ ಹಾಗೆ ಕೇಳಿದರು: "ಏನಾದರೂ ಇದೆಯಾ ಮೇಡಂ?" ಇಲ್ಲ ಎಂದಿದ್ದರೆ ಮುಂದಿನ ಕೊಠಡಿಗೆ ಹೋಗುತ್ತಿದ್ದರು. ಕೇಳಿದ್ದಕ್ಕೆ ಉತ್ತರ ಹೇಳಿ ಅಭ್ಯಾಸವಾದ ಬಾಯಿ, "ಮೂರನೇ ಸಾಲು, ಕಿಟಕಿ ಕಡೆ," ಎಂದಿತು. ಸಾಬಿರಾ ಎಂಬ ಹುಡುಗಿ. ಕಾಗದದಲ್ಲಿದ್ದದ್ದು ಆರು ಸಾಲು, ಅದರಲ್ಲಿ ಎರಡು ತಪ್ಪು. ಎರಡು ವರ್ಷ ಪರೀಕ್ಷೆಗೆ ಕೂರುವ ಹಾಗಿಲ್ಲ ಎಂದಾಯಿತು. ಹುಡುಗಿ ಆಮೇಲೆ ಕಾಲೇಜಿಗೆ ಬರಲೇ ಇಲ್ಲ. ಸ್ಟಾಫ್ ರೂಮಿನಲ್ಲಿ, "ವೆಂಕಟಲಕ್ಷ್ಮಿ ಮೇಡಂ ಹೇಳಿದ್ರು ಅಂದ್ರೆ ಮುಗೀತು, ಅದಕ್ಕೆ ಇನ್ನೊಂದು ಸಾಕ್ಷಿ ಬೇಡ," ಎನ್ನುವ ಮಾತು ಅಂದಿನಿಂದ ಕಾಯಮ್ಮಾಯಿತು. ಕಳೆದ ಯುಗಾದಿಯ ಹೊತ್ತಿಗೆ ಬಸ್‌ಸ್ಟ್ಯಾಂಡಿನಲ್ಲಿ ಸಾಬಿರಾ ತಾನಾಗಿಯೇ ಹತ್ತಿರ ಬಂದು ಮಾತಾಡಿಸಿದ್ದಳು. ರೇಷ್ಮೆ ನೂಲು ಬಿಚ್ಚುವ ಕಡೆ ಕೆಲಸ. ಬಿಸಿನೀರಿನಲ್ಲಿ ಗೂಡು ಕೆದಕಿ ಕೆದಕಿ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. "ಚೆನ್ನಾಗಿದ್ದೀರಾ ಮೇಡಂ? ಸಣ್ಣ ಆಗ್ಬಿಟ್ಟಿದ್ದೀರಲ್ಲ," ಎಂದಳು. ದನಿಯಲ್ಲಿ ಏನೂ ಇರಲಿಲ್ಲ, ಸಿಟ್ಟು ಕೂಡ. ಬಸ್ಸಿನಲ್ಲಿ ಕೂತ ಮೇಲೆ ವೆಂಕಟಲಕ್ಷ್ಮಿ ಅಳು ಬರಬಹುದೆಂದು ಕರ್ಚೀಫು ತೆಗೆದು ಮಡಿಲಲ್ಲಿಟ್ಟುಕೊಂಡಳು. ಕೆಂಗೇರಿಯವರೆಗೂ ಅದು ಒಣಗಿಯೇ ಇತ್ತು.

ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಗಂಡ ಹೆಂಡತಿ, ಮೊಪೆಡ್ಡಿನಲ್ಲಿ ಕೆಂಪಯ್ಯ, ಕೂಟಗಲ್ ದಾಟಿ ಆಚೆಯ ಒಂದು ಕೆರೆಗೆ ಹೋದರು. ಅವಳು ಹೋಗುತ್ತಿದ್ದದ್ದು ಬುತ್ತಿ ಹೊರುವುದಕ್ಕಲ್ಲ. ನೀರಿನ ಮೇಲೆ ಮೀನಿನ ಗುರುತು ಎಲ್ಲಕ್ಕಿಂತ ಮೊದಲು ಅವಳ ಕಣ್ಣಿಗೇ ಬೀಳುತ್ತಿತ್ತು. ಅದಕ್ಕೆಂದೇ ಗಂಡ ಕರೆದುಕೊಂಡು ಹೋಗುತ್ತಿದ್ದ. ಆಷಾಢದ ಗಾಳಿಗೆ ಕೆರೆ ಸಣ್ಣಗೆ ನಡುಗುತ್ತಿತ್ತು. ಏರಿಯ ಮೇಲೆ ಎಮ್ಮೆ ಮೇಯಿಸುತ್ತಿದ್ದ ಮುದುಕನೊಬ್ಬ ಬಂದು ಗಾಳದ ಕೋಲುಗಳನ್ನೂ ರೀಲನ್ನೂ ನೋಡಿದ. ಅಂಕಯ್ಯ ಎಂದು ಹೆಸರು ಹೇಳಿದ. ಬೋರಲಿಂಗಯ್ಯ ಕಪ್ಪೆಯನ್ನು ದಾರಕ್ಕೆ ಕಟ್ಟುವಾಗ ಅದು ಗಿಲಕ್ ಎಂದದ್ದೇ ಮುದುಕ ಕೈಯಲ್ಲಿದ್ದ ಕೋಲನ್ನು ನೆಲಕ್ಕೂರಿ ನಿಂತ.

"ಸದ್ದಿಂದಾ ಅದು?"

"ಹ್ಞೂಂ ತಾತ. ಹೊಸದು."

"ಹಾಕ್‌ಬ್ಯಾಡಿ ಅದ. ಕೊರವ ಈಗ ಮರಿ ಮ್ಯಾಲವೆ. ಆಸಾಡದಾಗೆ ನಮ್ಮೂರೋರು ಸದ್ದಿಂದು ಬುಡಾಕಿಲ್ಲ. ಸದ್ದಿಲ್ದಂಗೆ ಕಪ್ಪೆ ಬುಡ್ತೀವಿ, ಹಸ್ದಿದ್ದು ಬತ್ತದೆ, ಹಿಡ್ಕಂಡು ತಿಂತೀವಿ. ಸದ್ದು ಮಾಡುದ್ರೆ ಹಸ್ದಿರೋದು ಬರಾಕಿಲ್ಲ. ಮರಿ ಕಾಯ್ತಿರೋದು ಬತ್ತದೆ."

"ಬಾಣಲೆಗೆ ಬಿದ್ಮ್ಯಾಕೆ ಎಲ್ಡೂ ಒಂದೇ ಅಲ್ವಾ ತಾತ?" ಎಂದ ಕೆಂಪಯ್ಯ.

"ನಿಮ್ಗೆ ಒಂದೇಯ. ಮರೀಗೆ ಒಂದೇನಾ?"

ಕೆಂಪಯ್ಯ ತೊಡೆ ತಟ್ಟಿಕೊಂಡು ನಕ್ಕ. "ನೋಡ್ಲಾ ಬೋರ, ತಾತ ನನ್ ಪಾರ್ಟಿ. ಇವತ್ತು ತೀರ್ಮಾನ ಆಗ್ಬುಡ್ಲಿ. ನಿನ್ ಗಿಲಕಿಗೆ ಕೊರವ ಬಾಯಿ ಹಾಕ್ತು ಅಂದ್ರೆ, ನಾನೇ ಗಫಾರ್ ತಾವ ಹೋಗಿ ಡಜನ್ ಮಾಡಿಸ್ಕಂಬಂದು ನಮ್ ಕಚೇರಿಯೋರಿಗೆಲ್ಲ ಹಂಚ್ತೀನಿ. ನಾಳಿಂದ ಎಲ್ಲಾ ಕೆರೇಲೂ ಅದೇ. ಬರ್ನಿಲ್ಲ ಅಂದ್ರೆ ನೀನು ಅದನ್ನ ಒಲೆಗೆ ಹಾಕು."

"ನಾನು ಬಂತು ಅಂದ್ರೆ ನೀನು ನಂಬ್ತೀಯಾ?"

"ನಿನ್ನ ಯಾವನ್ಲಾ ನಂಬ್ತಾನೆ. ಮೇಡಮ್ಮೋರು ಹೇಳ್ಲಿ. ಅವ್ರು ಹೇಳುದ್ರೆ ಆಯ್ತು."

ಅವರಿಬ್ಬರೂ ಅವಳ ಕಡೆ ತಿರುಗಿ ನಕ್ಕರು. ಮುದುಕನೂ ನೋಡಿದ; ಅವನು ನಗಲಿಲ್ಲ. ಎಮ್ಮೆಗಳು ಅಡ್ಡಾದಿಡ್ಡಿಯಾಗಿ ಜೋಳದ ಹೊಲದ ಕಡೆ ತಿರುಗಿದ್ದರಿಂದ ಅವನು "ಹೋ" ಎನ್ನುತ್ತ ಏರಿ ಇಳಿದು ಹೋದ. ಕೆಂಪಯ್ಯ ತನ್ನ ಕಪ್ಪೆ ತೆಗೆದುಕೊಂಡು ಆಚೆ ದಡದ ತೂಬಿನ ಹತ್ತಿರಕ್ಕೆ ಹೊರಟ. ಏರಿಯ ಮೇಲೆ ಹತ್ತು ನಿಮಿಷದ ದಾರಿ.

ಗಂಡ ನಾಲ್ಕಾರು ಸಲ ಎಸೆದ. ಕಪ್ಪೆ ನೀರಿಗೆ ಬೀಳುವಾಗ ಒಂದು ಸದ್ದು, ರೀಲು ಸುತ್ತುವಾಗ ಅದು ಕುಪ್ಪಳಿಸುತ್ತ ಬರುವ ಇನ್ನೊಂದು ಸದ್ದು. ಅವಳು ಕಲ್ಲಿನ ಮೇಲೆ ಕೂತು ಮುದುಕ ಹೇಳಿದ್ದನ್ನು ಯೋಚಿಸುತ್ತಿದ್ದಳು. ಅದು ಪುಸ್ತಕದಲ್ಲೂ ಇತ್ತು. ಗಂಡು ಹೆಣ್ಣು ಎರಡೂ ಸೇರಿ ಮರಿ ಕಾಯುತ್ತವೆ ಎಂದು ಹದಿನಾಲ್ಕು ವರ್ಷದಿಂದ ಒಂದೇ ವಾಕ್ಯವನ್ನು ಪಾಠ ಮಾಡಿದ್ದಳು. ಹುಡುಗರು ಅದನ್ನು ಹಾಗೇ ಬರೆದು ಒಂದು ಅಂಕ ತೆಗೆದುಕೊಂಡಿದ್ದರು. ಕಾಯುವುದನ್ನು ಕೂಗಿ ಕರೆಯಬಹುದು ಎನ್ನುವುದು ಪುಸ್ತಕದಲ್ಲಿರಲಿಲ್ಲ. ಹೀಗೆ ಯೋಚಿಸುತ್ತಿರುವಾಗಲೇ ಜೊಂಡಿನ ಈಚೆ, ಹದಿನೈದು ಅಡಿ ದೂರದಲ್ಲಿ, ಕೆಂಪಗೆ ಏನೋ ಕುದಿಯಿತು. ಕುಂಕುಮ ಚೆಲ್ಲಿದ ನೀರು ಒಲೆಯ ಮೇಲೆ ಮರಳುವ ಹಾಗೆ. ನೂರಾರು ಮರಿಗಳು ಒಟ್ಟಿಗೆ ಉಸಿರಿಗೆ ಮೇಲೆದ್ದು, ಒಟ್ಟಿಗೆ ಇಳಿದವು. ಅವುಗಳ ಕೆಳಗೆ ಒಂದು ಕಪ್ಪು, ತೋಳಿನಷ್ಟು ಉದ್ದದ್ದು, ಅಲುಗಲಿಲ್ಲ. ಅವಳು ತಕ್ಷಣ ಬೇರೆ ಕಡೆ ನೋಡಿದಳು. ಅವಳ ಕತ್ತು ತಿರುಗಿದ್ದು ಅವನಿಗೆ ಕಂಡಿರಬೇಕು.

"ಏನಾದ್ರೂ ಕಾಣ್ತಾ?"

"ಜೊಂಡಿನ ಈಚೆ, ಒಣಗಿದ ಜಾಲಿ ಕೊಂಬೆ ಎಡಕ್ಕೆ," ಎಂದಳು. ಹೇಳಿ ಮುಗಿದ ಮೇಲೆ ಹೇಳಿದ್ದು ಗೊತ್ತಾಯಿತು.

ಅವನು ಎಸೆದ. ಮರದ ಕಪ್ಪೆ ಗಲಗಲ ಎನ್ನುತ್ತ ಕೆಂಪಿನ ಅಂಚನ್ನು ಹಾದದ್ದೇ ನೀರು ಒಡೆಯಿತು. ಕೋಲು ಬಿಲ್ಲಿನ ಹಾಗೆ ಬಾಗಿತು. ಅವನ ಮುಖ ಇಪ್ಪತ್ತು ವರ್ಷ ಹಿಂದಕ್ಕೆ ಹೋಯಿತು. ಎರಡು ಸಲ ಮೀನು ಪೂರ್ತಿ ಹೊರಳಿ ಬಿಳಿ ಹೊಟ್ಟೆ ತೋರಿಸಿತು. ಮೂರನೆಯ ಸಲ ಅದು ಬಂಡೆಯ ಹಿಂದಕ್ಕೆ ನುಗ್ಗಿ, ದಾರ ಕಲ್ಲಿಗೆ ತಾಗಿ, ಪಟ್ಟೆಂದು ಹರಿಯಿತು. ಕೋಲು ನೆಟ್ಟಗಾಯಿತು. ಅವನು ದುಃಖಪಡಲಿಲ್ಲ. "ಸದ್ದಿಗೇ ಬಂತು ಕಣೇ. ನೋಡ್ದೆಯಲ್ಲ. ಅದರ ಎಳೆತ ಇನ್ನೂ ಕೈಯಲ್ಲೇ ಐತೆ ನೋಡು," ಎಂದು ಅಂಗೈ ಚಾಚಿದ. "ಕೆಂಪನ್ನ ಕರ್ಕೊಂಬತ್ತೀನಿ. ಇಲ್ಲೇ ಇರು, ಜಾಗ ಬಿಟ್ಟು ಕದಲಬೇಡ," ಎಂದು ಏರಿ ಹತ್ತಿ, ಐವತ್ತೆರಡು ವರ್ಷದ ಮನುಷ್ಯ ಓಡಿದ.

ಅವಳು ಕದಲಲಿಲ್ಲ. ನೀರು ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿಗೆ ಜೊಂಡಿನ ಬುಡದಲ್ಲಿ ಗಿಲಕ್ ಎಂದಿತು. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಕೊರವಕ್ಕೆ ನೀರಿನೊಳಗಿನ ಉಸಿರು ಸಾಲದು; ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಬೇಕು. ಇದೂ ಅವಳು ಪಾಠ ಮಾಡಿದ ವಾಕ್ಯವೇ. ಬಾಯಲ್ಲಿ ಕಪ್ಪೆ ಕಚ್ಚಿಕೊಂಡ ಮೀನು ಉಸಿರಿಗೆಂದು ಮೇಲೆ ಬಂದಾಗಲೆಲ್ಲ ಐದು ಬಾಲ್ಸುಗಳು ಗಲಗಲ ಎನ್ನುತ್ತಿದ್ದವು. ಹಿಂದೆ ಎಳೆದುಕೊಂಡು ಹೋದ ದಾರ ಜೊಂಡಿಗೆ ಸುತ್ತಿಕೊಂಡಿತ್ತು. ಹಾಗಾಗಿ ಪ್ರತಿ ಸಲವೂ ಅಲ್ಲೇ. ಮರಿಗಳು ಕೆಂಪಗೆ ಒತ್ತೊತ್ತಾಗಿ ಆ ಕಡೆಗೆ ಬರುತ್ತಿದ್ದವು. ಸದ್ದಾದೊಡನೆ ಚೆದುರಿ ಹೋಗುತ್ತಿದ್ದವು. ಮತ್ತೆ ಬರುತ್ತಿದ್ದವು. ಚೆದುರಿದಾಗ ಮಿಂಚುಳ್ಳಿಯೊಂದು ಜಾಲಿಯ ಕೊಂಬೆಯಿಂದ ಎರಗಿತು. ಎರಡನೆಯ ಸಲವೂ ಎರಗಿತು. ಅವಳು ನೋಡುತ್ತಿದ್ದಳು. ಮರುಕವೆಂದು ಹೆಸರಿಡಬಹುದಾದದ್ದು ಏನೂ ಒಳಗೆ ಏಳಲಿಲ್ಲ. ಕೈಯಲ್ಲಿ ನೀರಿನ ಚೊಂಬು ಹಿಡಿದುಕೊಂಡು ದೂರದಲ್ಲಿ ಉರಿಯುವುದನ್ನು ನೋಡುವವರ ಹಾಗೆ ನೋಡುತ್ತಿದ್ದಳು. ಆಮೇಲೆ ಚಪ್ಪಲಿ ಬಿಟ್ಟು, ಸೀರೆಯನ್ನು ಎತ್ತಿ ಕಟ್ಟಲೂ ನೆನಪಾಗದೆ ನೀರಿಗಿಳಿದಳು.

ಕೆಸರು ಮೊಣಕಾಲ ಕೆಳಗೆ ಹಿಡಿಯಿತು. ಜೊಂಡಿನ ಹತ್ತಿರ ನಿಂತು ಕಾದಳು. ಮೀನು ಮೇಲೆ ಬಂದಾಗ ಎರಡೂ ಕೈಯಿಂದ ಕಿವಿರಿನ ಹಿಂದೆ ಅಮುಕಿ ಹಿಡಿದಳು. ಫಾರ್ಮಲಿನ್‌ನಲ್ಲಿ ನೆನೆದ ಮೀನುಗಳನ್ನು ಎಷ್ಟೋ ಮುಟ್ಟಿದ್ದಳು. ಇದು ಹಾಗಿರಲಿಲ್ಲ, ಇಡೀ ಮೈ ಒಂದೇ ಮಾಂಸದ ಕಟ್ಟಾಗಿ ತೋಳಿನವರೆಗೆ ಒದೆಯಿತು. ಗಾಳದ ಒಂದು ಮೊನೆ ಅದರ ಮೇಲ್ದುಟಿಯಲ್ಲಿ ಕೂತಿತ್ತು. ಹಿಡಿದು ತಿರುಗಿಸುವಾಗ ಮೀನು ಹೊರಳಿ, ಇನ್ನೊಂದು ಮೊನೆ ಅವಳ ಹೆಬ್ಬೆರಳಿನ ಬುಡಕ್ಕೆ ಇಳಿಯಿತು. ಒಂದೇ ಕಪ್ಪೆಗೆ ಇಬ್ಬರೂ ಸಿಕ್ಕಿಕೊಂಡರು. ಕೂಗಿಕೊಳ್ಳಬಹುದಿತ್ತು, ಏರಿಯ ಮೇಲೆ ಯಾರಾದರೂ ಬರುತ್ತಿದ್ದರು. ಕೂಗಲಿಲ್ಲ. ನೋವು ಎಲ್ಲೋ ಇತ್ತು, ಬೇರೆಯವರ ಮನೆಯಲ್ಲಿ ಮಗು ಅತ್ತ ಹಾಗೆ. ಮೊದಲು ತನ್ನದನ್ನು ಕಿತ್ತಳು, ಆಮೇಲೆ ಅದರದ್ದನ್ನು. ತುಟಿ ಹರಿಯಿತು. ಬಿಟ್ಟ ಮೇಲೂ ಮೀನು ಅವಳ ಕೈಗಳ ನಡುವೆಯೇ ಒಂದು ಗಳಿಗೆ ನಿಂತಿತ್ತು, ಕಿವಿರು ತೆರೆದು ಮುಚ್ಚುತ್ತ. ಮರುಗಳಿಗೆ ಅಲ್ಲಿರಲಿಲ್ಲ. ಮರಿಗಳ ಹತ್ತಿರಕ್ಕೆ ಹೋಯಿತೋ, ಸಾಯಲು ತಳಕ್ಕೆ ಹೋಯಿತೋ ತಿಳಿಯಲಿಲ್ಲ. ಕೆಂಪು ಎಲ್ಲೂ ಕಾಣಲಿಲ್ಲ. ಮರದ ಕಪ್ಪೆಯನ್ನು ಗಾಳ ಕೆಳಗಾಗುವಂತೆ ಕೆಸರಿಗೆ ಹಾಕಿ ಹಿಮ್ಮಡಿಯಿಂದ ತುಳಿದಳು. ಕಾಲು ಮೊಣಕಾಲಿನ ತನಕ ಇಳಿಯುವವರೆಗೂ ತುಳಿದಳು.

ಅವರಿಬ್ಬರೂ ಬರುವಷ್ಟರಲ್ಲಿ ದಡಕ್ಕೆ ಬಂದು, ಸೆರಗಿನ ತುದಿಯನ್ನು ಅಂಗೈಗೆ ಸುತ್ತಿಕೊಂಡು ನಿಂತಿದ್ದಳು. ಸೀರೆ ಯಾಕೆ ನೆನೆದಿದೆ ಎಂದು ಗಂಡ ಕೇಳಿದ. ಕೈ ತೊಳೆಯಲು ಹೋಗಿ ಜಾರಿದೆ ಎಂದಳು. ಅದು ಮೊದಲನೆಯ ಸುಳ್ಳು, ಎಷ್ಟು ಸುಲಭವಾಗಿ ಬಂತು ಎಂದು ಅವಳಿಗೇ ಆಶ್ಚರ್ಯವಾಗಬೇಕಿತ್ತು.

ಕೆಂಪಯ್ಯ ಏದುಸಿರು ಬಿಡುತ್ತಿದ್ದ. "ನಿಮ್ಮೆಜಮಾನ್ರು ಆರು ಕೇಜಿ ಅಂತವ್ನೆ. ಏರಿ ಹತ್ತೋವಾಗ ನಾಕಿತ್ತು, ತೂಬಿನ ತಾವ ಬರೋ ಹೊತ್ಗೆ ಆರಾಯ್ತು. ಅದಿರ್ಲಿ. ನೀವು ಹೇಳಿ ಮೇಡಮ್ಮೋರೆ, ಸದ್ದಿಗೆ ಬಂತಾ?"

ಗಂಡ ಅವಳ ಕಡೆ ನೋಡಲೂ ಇಲ್ಲ. ಉತ್ತರ ಗೊತ್ತಿದ್ದವನ ಹಾಗೆ ಹರಿದ ದಾರದ ತುದಿಯನ್ನು ಬೆರಳಿಗೆ ಸುತ್ತುತ್ತ ನಗುತ್ತಿದ್ದ. ಹೌದು ಎನ್ನುವುದು ಒಂದೇ ಮಾತು, ಮತ್ತು ಅದು ನಿಜ. ಮುಂದಿನ ಭಾನುವಾರ ಹನ್ನೆರಡು ಕಪ್ಪೆಗಳು. ಕೈಲಾಂಚದ ಕಡೆ, ಮಾಗಡಿ ರಸ್ತೆಯ ಕಡೆ, ಎಲ್ಲ ಕೆರೆಗಳ ಜೊಂಡಿನ ಬುಡದಲ್ಲೂ.

"ಮೀನಿರಲಿಲ್ಲ," ಎಂದಳು. "ಕಪ್ಪೆ ಜೊಂಡಿಗೆ ಸಿಕ್ಕಿಕೊಂಡಿತು. ಎಳೆದರು, ದಾರ ಹರಿಯಿತು."

ಕೆಂಪಯ್ಯ ಹೋ ಎಂದು ನಕ್ಕು, "ಜೊಂಡು ಆರು ಕೇಜಿ ಇತ್ತೇನ್ಲಾ," ಎಂದ. ಗಂಡ ತಲೆಯೆತ್ತಿದ. ಅವಳು ಸಿಟ್ಟನ್ನು ನಿರೀಕ್ಷಿಸಿದ್ದಳು. ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದ, ನೀರನ್ನು ನೋಡಿದ, ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡ. ನಗು ಇನ್ನೂ ತುಟಿಯ ಮೇಲಿತ್ತು. ಅದನ್ನು ತೆಗೆಯಲು ಅವನಿಗೆ ಗೊತ್ತಾಗಲಿಲ್ಲ. "ಹಂಗಾ," ಎಂದ. "ಹೊಟ್ಟೆ ಕಂಡಂಗಾಯ್ತು ನಂಗೆ. ಬೆಳ್ಳಗೆ." ಅವಳು ಅಂಗೈಯ ಸೆರಗನ್ನು ಇನ್ನೊಂದು ಸುತ್ತು ಸುತ್ತಿಕೊಂಡಳು. "ಜೊಂಡೇ ಇರ್ಬೇಕು. ಅವಳು ಹೇಳ್ತಾಳೆ ಅಂದ್ಮೇಲೆ," ಎಂದು ಕೆಂಪಯ್ಯನಿಗೆ ಹೇಳಿ, ಕೂತು ಕೋಲನ್ನು ಬಿಚ್ಚತೊಡಗಿದ. ಬುತ್ತಿಯ ಚಿತ್ರಾನ್ನವನ್ನು ಮೂವರೂ ಉಂಡರು. ಕೆಂಪಯ್ಯ ತನಗೂ ಏನೂ ಬೀಳಲಿಲ್ಲವೆಂದೂ, ಈ ಕೆರೆಯೇ ಸರಿಯಿಲ್ಲವೆಂದೂ ಸಮಾಧಾನದ ಮಾತಾಡಿದ. ಅದು ಇನ್ನೂ ಕೆಟ್ಟದಾಗಿತ್ತು.

ಊರಿಗೆ ಬರುವಾಗ ರೈಲ್ವೆ ಗೇಟು ಹಾಕಿತ್ತು. ಗಂಡ ಸ್ಕೂಟರು ನಿಲ್ಲಿಸಿ ಇಂಜಿನ್ ಆರಿಸಿದ. ಕೆಂಪಯ್ಯ ಬೇರೆ ದಾರಿಯಲ್ಲಿ ಹೋಗಿಬಿಟ್ಟಿದ್ದ. ಮುಂದೆ ರೇಷ್ಮೆಗೂಡಿನ ಚೀಲ ಹೇರಿದ ಆಟೋ ಒಂದು, ಅದರ ವಾಸನೆ. ಅವನು ಹಿಂದಕ್ಕೆ ತಿರುಗದೆ ಹೇಳಿದ: "ಈಚೀಚೆಗೆ ನಂಗೆ ಒಂದೊಂದ್ಸಲ ಇಲ್ಲದ್ದು ಇದ್ದಂಗೆ ಅನ್ನಿಸ್ತದೆ ಕಣೆ. ಯಾರಿಗೂ ಹೇಳಿಲ್ಲ. ನಿಂಗೇ ಹೇಳ್ತಿರೋದು." ಆಮೇಲೆ, "ನಮ್ಮಪ್ಪಂಗೂ ಇದೇ ವಯಸ್ಸಲ್ಲೇ ಸುರುವಾಗಿದ್ದು," ಎಂದ. ಬೆನ್ನಿನ ಮೇಲೆ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ರೈಲು ಬರುವುದಕ್ಕೆ ಇನ್ನೂ ಹೊತ್ತಿತ್ತು, ಒಂದು ಮಾತು ಹೇಳುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ನೀವು ಕಂಡದ್ದು ನಿಜ, ಹೊಟ್ಟೆ ಬೆಳ್ಳಗೇ ಇತ್ತು ಎಂದರೆ ಅವನ ಕಣ್ಣು ಅವನಿಗೆ ವಾಪಸು ಬರುತ್ತಿತ್ತು. ನಾಳೆ ಬೆಳಿಗ್ಗೆಯೇ ಕಚೇರಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದ. ಕೆಂಪಯ್ಯ ಮಾತಿಗೆ ತಪ್ಪುವವನಲ್ಲ. ಸೆರಗು ಸುತ್ತಿದ ಕೈ ಆಗ ಮೊದಲ ಸಲ ನೋಯಲು ಶುರುವಾಯಿತು, ನಾಳೆ ಟಿ.ಟಿ. ಚುಚ್ಚಿಸಿಕೊಳ್ಳಬೇಕು, ನರ್ಸು ಕೇಳಿದರೆ ಪ್ರಯೋಗಾಲಯದ ಪಿನ್ನು ಎನ್ನಬೇಕು. ಸ್ಟಾಫ್ ರೂಮಿನಲ್ಲಿಯೂ ಅದನ್ನೇ ಹೇಳಬೇಕು. ರೈಲು ಬಂತು, ಬೋಗಿಗಳು ಒಂದೊಂದಾಗಿ ಹೋದವು, ಗೇಟು ತೆರೆಯಿತು. ಎಲ್ಲರೂ ಒಟ್ಟಿಗೆ ಗಾಡಿ ಶುರುಮಾಡಿದರು. ಅವನು ಕಿಕ್ ಹೊಡೆಯುವ ಮೊದಲು ಇನ್ನೊಂದು ಗಳಿಗೆ ಕಾದ, ಅವಳು ಏನಾದರೂ ಹೇಳಬಹುದೆಂದು.

"ಬಿಸಿಲಿಗೆ ಹಾಗಾಗುತ್ತೆ," ಎಂದಳು. ಅದರಾಚೆಗೆ ಇವನಿಗಾಗಲಿ ಇನ್ನಾರಿಗಾಗಲಿ ಎಂದೂ ಹೇಳುವುದಿಲ್ಲ ಎಂದು ತೀರ್ಮಾನಿಸಿ, ನೋಯದ ಕೈಯಿಂದ ಅವನ ಭುಜ ಹಿಡಿದುಕೊಂಡಳು.